ವಾಡಿನ್: ಬಟನ್ ಎರಡು ಸಲ ಒತ್ತಿದರೆ ದಾಖಲೆಯೂ ಎರಡು

ಪ್ರಶ್ನೆ: ವಾಡಿನ್ ಫ್ಲೋನಲ್ಲಿ (ಜಾವಾದಲ್ಲಿ ವೆಬ್ ಪುಟ ಕಟ್ಟುವ ಚೌಕಟ್ಟು) ‘ಉಳಿಸು’ ಬಟನ್‌ಗೆ ಆಡ್‌ಕ್ಲಿಕ್‌ಲಿಸನರ್‌ನಿಂದ ಲಿಸನರ್, ಅಂದರೆ ಒತ್ತಿದಾಗ ಓಡುವ ಕೋಡ್, ಹಾಕಿದೆ. ಲಿಸನರ್‌ನ ಮೊದಲ ಸಾಲಲ್ಲಿ ಸೆಟ್‌ಎನೇಬಲ್ಡ್ ಫಾಲ್ಸ್ (ಬಟನ್ ನಿಷ್ಕ್ರಿಯ), ಕೊನೆಯಲ್ಲಿ ಟ್ರೂ (ಮತ್ತೆ ಸಕ್ರಿಯ). ಆದರೂ ಬೇಗ ಎರಡು ಸಲ ಒತ್ತಿದರೆ ದಾಖಲೆ ಎರಡಾಗುತ್ತದೆ. ಯಾಕೆ?

ಉತ್ತರ 1: ಲಿಸನರ್ ಓಡುವುದು ಸರ್ವರ್‌ನಲ್ಲಿ. ಅದು ಮುಗಿಯುವವರೆಗೆ ನಿಮ್ಮ ಫಾಲ್ಸ್ ಬ್ರೌಸರ್‌ಗೆ ತಲುಪುವುದೇ ಇಲ್ಲ. ಎರಡನೇ ಕ್ಲಿಕ್ ಸರದಿಯಲ್ಲಿ ಕಾದು, ಟ್ರೂ ಆದಮೇಲೆ ಒಳಗೆ ಬರುತ್ತದೆ. ಬಟನ್ ಕಟ್ಟುವಾಗಲೇ ಸೆಟ್‌ಡಿಸೇಬಲ್‌ಆನ್‌ಕ್ಲಿಕ್ ಟ್ರೂ ಕೊಡಿ, ಬ್ರೌಸರೇ ತಕ್ಷಣ ತಡೆಯುತ್ತದೆ. ಮತ್ತೆ ಸೆಟ್‌ಎನೇಬಲ್ಡ್ ಟ್ರೂ ಮಾಡುವುದನ್ನು ಫೈನಲಿ ಬ್ಲಾಕ್‌ನಲ್ಲೇ (ದೋಷ ಬಂದರೂ ಓಡುವ ಭಾಗ) ಇಡಿ. ಇಲ್ಲದಿದ್ದರೆ ಎಕ್ಸೆಪ್ಶನ್ (ದೋಷ) ಬಂದಾಗ ಬಟನ್ ಸತ್ತಂತೆ ಉಳಿಯುತ್ತದೆ.

ಉತ್ತರ 2: ಕೆಲಸ ದೀರ್ಘವಾಗಿದ್ದರೆ ಬೇರೆ ಥ್ರೆಡ್‌ಗೆ (ಹಿನ್ನೆಲೆಯಲ್ಲಿ ಸಮಾನಾಂತರವಾಗಿ ಓಡುವ ಕೆಲಸ) ಕೊಡಿ, ಪುಶ್ (ಸರ್ವರ್ ತಾನಾಗಿಯೇ ಬ್ರೌಸರ್‌ಗೆ ಬದಲಾವಣೆ ಕಳಿಸುವುದು) ಆನ್ ಮಾಡಿ, ಪರದೆಯ ಬದಲಾವಣೆಗಳನ್ನೆಲ್ಲ ಯುಐ ಆಕ್ಸೆಸ್ (ಬೇರೆ ಥ್ರೆಡ್‌ನಿಂದ ಪರದೆಯನ್ನು ಸುರಕ್ಷಿತವಾಗಿ ಬದಲಿಸುವ ಮೆಥಡ್) ಒಳಗೆ ಮಾಡಿ. ಯುಐ ಗೆಟ್‌ಕರೆಂಟ್ ಕೊಡುವ ಈಗಿನ ಪರದೆಯ ಯುಐ ಅನ್ನು ಥ್ರೆಡ್ ಶುರುವಾಗುವ ಮೊದಲೇ ಹಿಡಿದಿಟ್ಟುಕೊಳ್ಳಿ. ಗೆಟ್‌ಕರೆಂಟ್ ಅನ್ನು ಆ ಥ್ರೆಡ್ ಒಳಗೆ ನೇರವಾಗಿ ಕರೆದರೆ ನಲ್ (ಖಾಲಿ ಮೌಲ್ಯ) ಸಿಗುತ್ತದೆ.