ಕಟಪಾಡಿಯ ಹಳೇ ಶೆಡ್ಡನ್ನು ಗಾಡಿ ರಿಪೇರಿ ಹುಚ್ಚಿನವರಿಗೆ ಬಾಡಿಗೆಗೆ ಕೊಡಬಹುದಾ?

ಕಟಪಾಡಿ_ಶೆಡ್:

ನಮಸ್ಕಾರ ಎಲ್ಲರಿಗೂ. ನಮ್ಮದು ಉಡುಪಿ ಹತ್ತಿರದ ಕಟಪಾಡಿ, ಹೈವೇಯಿಂದ ಸ್ವಲ್ಪ ಒಳಗೆ. ಅಪ್ಪ ಮಲ್ಪೆಯಿಂದ ಮೀನು ಸಾಗಿಸುತ್ತಿದ್ದ ಕಾಲದಲ್ಲಿ ಟೆಂಪೋ ನಿಲ್ಲಿಸಲು ಕಟ್ಟಿಸಿದ ಶೆಡ್ ಮನೆಯ ಬದಿಯಲ್ಲೇ ಉಂಟು. ಕೆಂಪು ಕಲ್ಲಿನ ಗೋಡೆ, ಮೇಲೆ ಶೀಟ್, ಕೆಳಗೆ ಸಿಮೆಂಟ್ ನೆಲ, ಎದುರಿಗೆ ಶಟರ್. ಎರಡು ಕಾರು ಆರಾಮವಾಗಿ ನಿಲ್ಲುತ್ತವೆ, ಬದಿಯಲ್ಲಿ ಬೈಕುಗಳಿಗೂ ಜಾಗ ಇದೆ. ಟೆಂಪೋ ಮಾರಿದ ಮೇಲೆ ತೆಂಗಿನಕಾಯಿ, ಹಳೇ ಹೆಂಚು, ಯಾರದ್ದೋ ಮದುವೆಯ ಮುರಿದ ಕುರ್ಚಿ ಅಂತ ತುಂಬಿಕೊಂಡಿತ್ತು.

ಈಗ ಮಣಿಪಾಲದಲ್ಲಿ ಕೆಲಸ ಮಾಡುವ ಇಬ್ಬರು ಹುಡುಗರು ಬಂದು ಕೇಳುತ್ತಿದ್ದಾರೆ. ಒಬ್ಬನದ್ದು ಆರ್‌ಎಕ್ಸ್ 100 ಬೈಕ್, ಇನ್ನೊಬ್ಬನದ್ದು ಹಳೇ ಜಿಪ್ಸಿ ಜೀಪು. ಇಬ್ಬರೂ ಫ್ಲ್ಯಾಟ್‌ನಲ್ಲಿರುವವರು. ಪಾರ್ಕಿಂಗ್‌ನಲ್ಲಿ ಒಂದು ನಟ್ಟು ಬಿಚ್ಚಿದರೂ ಅಸೋಸಿಯೇಷನ್‌ನವರ ಮೆಸೇಜ್ ಬರುತ್ತದಂತೆ. ತಿಂಗಳ ಬಾಡಿಗೆ ಕೊಡುತ್ತೇವೆ, ಶನಿವಾರ ಭಾನುವಾರ ಮಾತ್ರ ಬರುತ್ತೇವೆ ಅನ್ನುತ್ತಾರೆ. ನೋಡಿದರೆ ಒಳ್ಳೆ ಹುಡುಗರೇ.

ಆದರೆ ನನ್ನ ತಮ್ಮನ ಲೆಕ್ಕ ಬೇರೆ. ಇಬ್ಬರಿಗೆ ಯಾಕೆ, ಕಾರು ಎತ್ತುವ ಒಂದು ಲಿಫ್ಟ್ ಹಾಕಿಸು, ಒಂದು ಕಂಪ್ರೆಸರ್ ತಗೋ, ಗಂಟೆ ಲೆಕ್ಕದಲ್ಲಿ ಕೊಡು, ಮಣಿಪಾಲದಿಂದ ಹಿಡಿದು ಸುರತ್ಕಲ್ ತನಕ ಇಂಜಿನಿಯರಿಂಗ್ ಹುಡುಗರು ಬರುತ್ತಾರೆ ಅನ್ನುತ್ತಾನೆ. ಅವನು ಇರುವುದು ಬೆಂಗಳೂರಿನಲ್ಲಿ. ಇಲ್ಲಿ ಹಗಲು ಮನೆಯಲ್ಲಿ ಅಮ್ಮ ಒಬ್ಬರೇ. ಕರೆಂಟ್ ಮನೆಯ ಮೀಟರಿನಿಂದಲೇ ಹೋಗುತ್ತದೆ. ಬಾವಿಯೂ ಶೆಡ್ಡಿನ ಹಿಂದೆಯೇ, ಇಪ್ಪತ್ತೈದು ಅಡಿ ದೂರ ಇರಬಹುದು.

ಕೊಡಬೇಕಾ, ಬೇಡವಾ? ಕೊಡುವುದಾದರೆ ತಿಂಗಳಿಗಾ, ಗಂಟೆಗಾ? ಕಾಗದಪತ್ರ ಏನು ಮಾಡಿಸಬೇಕು?

ಪಾನಾ_ಪ್ರೇಮಿ:

ನಾನು ಆ ಹುಡುಗರ ಜಾತಿಯವನೇ, ಹಾಗಾಗಿ ಆ ಕಡೆಯಿಂದ ಹೇಳುತ್ತೇನೆ. ಕದ್ರಿಯಲ್ಲಿ ಫ್ಲ್ಯಾಟ್, ಗಾಡಿ ಮಾರುತಿ 800.

ನಮಗೆ ಲಿಫ್ಟ್, ಕಂಪ್ರೆಸರ್ ಏನೂ ಬೇಡ. ಬಿಚ್ಚಿದ ಗಾಡಿಯನ್ನು ಹಾಗೇ ಬಿಟ್ಟು ಮನೆಗೆ ಹೋಗುವ ಜಾಗ ಬೇಕು, ಅಷ್ಟೇ. ಭಾನುವಾರ ಕಾರ್ಬ್ಯುರೇಟರ್ ಬಿಚ್ಚಿದಾಗ ಒಂದು ಗ್ಯಾಸ್ಕೆಟ್ ಹರಿದಿರುತ್ತದೆ, ಅದು ಇಲ್ಲಿ ಸಿಗುವುದಿಲ್ಲ, ಕೊಯಮತ್ತೂರಿನಿಂದಲೋ ಪುಣೆಯಿಂದಲೋ ಕೊರಿಯರ್ ಬರಬೇಕು, ಬಂದದ್ದು ಬೇರೆ ಮಾಡೆಲ್‌ದು ಆಗಿರುತ್ತದೆ, ವಾಪಸ್ ಕಳಿಸಬೇಕು. ಅಷ್ಟು ದಿನವೂ ಗಾಡಿ ಹೊಟ್ಟೆ ಬಿಚ್ಚಿಕೊಂಡು ಮಲಗಿರಬೇಕು. ಇದಕ್ಕೆ ಗಂಟೆ ಲೆಕ್ಕ ಹೇಗೆ ಹೊಂದುತ್ತದೆ ಹೇಳಿ? ಗಂಟೆ ಲೆಕ್ಕ ಆಯಿಲ್ ಬದಲಿಸುವವರಿಗೆ ಸರಿ. ಅವರು ಹೇಗೂ ಸರ್ವಿಸ್ ಸೆಂಟರಿಗೆ ಹೋಗುತ್ತಾರೆ.

ಒಳ್ಳೆ ಬೆಳಕು, ಸಮ ನೆಲ, ಬೀಗ ಹಾಕುವ ಒಂದು ಕಪಾಟು, ಮಳೆಯಲ್ಲಿ ಸೋರದ ಮಾಡು. ಇಷ್ಟು ಕೊಟ್ಟರೆ ನಮ್ಮಂಥವರು ಕಾಲಿಗೆ ಬೀಳುತ್ತೇವೆ. ಸೋರುವುದರ ಬಗ್ಗೆ ತಮಾಷೆ ಮಾಡುತ್ತಿಲ್ಲ. ನಮ್ಮ ಮಳೆ, ಕಡಲ ಗಾಳಿಗೆ ಬಿಚ್ಚಿಟ್ಟ ಸಿಲಿಂಡರಿನ ಒಳಮೈ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿದು ಕೆಂಪಗಾಗುತ್ತದೆ. ಆಯಿಲ್ ಹಚ್ಚಿ ಬಟ್ಟೆ ಸುತ್ತಿಟ್ಟರೂ ಜೋರು ಮಳೆಯ ಆಟಿ ತಿಂಗಳಲ್ಲಿ ನಂಬುವ ಹಾಗಿಲ್ಲ.

ಕರಿಕೋಟು:

ಕಾಗದದ ವಿಷಯ ನಾನು ಹೇಳುತ್ತೇನೆ. ಅದೇ ನನ್ನ ಹೊಟ್ಟೆಪಾಡು.

ಬಾಡಿಗೆ ಕರಾರು ಮಾಡಬೇಡಿ, ಲೈಸೆನ್ಸ್ ಕರಾರು ಮಾಡಿ. 1882ರ ಈಸ್‌ಮೆಂಟ್ಸ್ ಕಾಯ್ದೆಯ 52ನೇ ಸೆಕ್ಷನ್ ಇದಕ್ಕೇ ಇರುವುದು. ಬಾಡಿಗೆ ಅಂದರೆ ಜಾಗದ ಮೇಲೆ ಅವರಿಗೆ ಒಂದು ಹಕ್ಕು ಹುಟ್ಟುತ್ತದೆ. ಲೈಸೆನ್ಸ್ ಅಂದರೆ ಬಂದು ಕೆಲಸ ಮಾಡಿ ಹೋಗಲು ಅನುಮತಿ ಮಾತ್ರ, ಜಾಗ ನಿಮ್ಮ ವಶದಲ್ಲೇ ಇರುತ್ತದೆ. ಆದರೆ ಮೇಲೆ ಲೈಸೆನ್ಸ್ ಅಂತ ಹೆಡ್ಡಿಂಗ್ ಹಾಕಿದರೆ ಸಾಲದು, ಕೋರ್ಟು ಒಳಗಿನ ಸಂಗತಿ ನೋಡುತ್ತದೆ. ಬೀಗದ ಕೈ ಪೂರ್ತಿ ಅವರಿಗೆ ಕೊಟ್ಟು ನೀವು ಆ ಕಡೆ ತಲೆ ಹಾಕದೇ ಇದ್ದರೆ ಅದು ಬಾಡಿಗೆಯೇ. ಒಂದು ಕೀ ನಿಮ್ಮ ಬಳಿ ಇರಲಿ, ತೆಂಗಿನಕಾಯಿ ಒಂದು ಮೂಲೆಯಲ್ಲಿ ಹಾಗೇ ಇರಲಿ, ಬರುವ ದಿನ ಮತ್ತು ಹೊತ್ತು ಕರಾರಿನಲ್ಲಿ ಬರೆಯಿರಿ. ಅವಧಿ 11 ತಿಂಗಳು ಇರಲಿ.

ಸೇರಿಸಲೇಬೇಕಾದ ಒಂದು ಷರತ್ತು: ಸ್ವಂತ ಗಾಡಿ ಮಾತ್ರ, ದುಡ್ಡು ತಗೊಂಡು ಬೇರೆಯವರ ಗಾಡಿ ರಿಪೇರಿ ಮಾಡುವ ಹಾಗಿಲ್ಲ. ಇದು ಬಿಟ್ಟುಹೋದರೆ ಮೊದಲು ಗೆಳೆಯನ ಬುಲೆಟ್ ಬರುತ್ತದೆ, ಆಮೇಲೆ ಗೆಳೆಯನ ಗೆಳೆಯನ ಸ್ಕೂಟರ್, ಒಂದು ದಿನ ನೋಡಿದರೆ ನಿಮ್ಮ ಅಂಗಳದಲ್ಲಿ ಒಂದು ಗ್ಯಾರೇಜೇ ನಡೆಯುತ್ತಿರುತ್ತದೆ. ಆಗ ಪಂಚಾಯತ್‌ನವರು ಗ್ಯಾರೇಜಿನ ಲೈಸೆನ್ಸ್ ಎಲ್ಲಿ ಅಂತ ಕೇಳುವುದು ನಿಮ್ಮನ್ನು, ಅವರನ್ನಲ್ಲ.

ಪ್ರತಿ ಗಾಡಿಯ ಆರ್‌ಸಿ ಪ್ರತಿ ತಗೊಳ್ಳಿ. ಇಂಜಿನ್ ನಂಬರ್, ಚಾಸಿಸ್ ನಂಬರ್ ನೀವೇ ನಿಂತು ತಾಳೆ ನೋಡಿ.

ಇನ್ನು ಕರೆಂಟ್. ಇದನ್ನು ಎಲ್ಲರೂ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಮನೆಯ ಮೀಟರ್ ಮನೆ ಬಳಕೆಗೆ. ಅದರಿಂದ ಬಾಡಿಗೆ ಬರುವ ಶೆಡ್ಡಿಗೆ ಕರೆಂಟ್ ಕೊಟ್ಟರೆ ನಮ್ಮ ಕರೆಂಟ್ ಕಂಪನಿ ಮೆಸ್ಕಾಂ ಅದನ್ನು ಅನಧಿಕೃತ ಬಳಕೆ ಅನ್ನಬಹುದು. 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಆ ಬಳಕೆಗೆ ಅನ್ವಯಿಸುವ ದರದ ಎರಡು ಪಟ್ಟು ಹಾಕುತ್ತಾರೆ. ಯಾವಾಗಿನಿಂದ ಅಂತ ಗೊತ್ತಾಗದಿದ್ದರೆ ಹಿಂದಿನ 12 ತಿಂಗಳಿಗೂ ಲೆಕ್ಕ ಹಾಕಬಹುದು. ಗೃಹಜ್ಯೋತಿ ಇದ್ದರೆ ಇನ್ನೂ ತಲೆನೋವು. ಕಂಪ್ರೆಸರ್ ಓಡಿ ತಿಂಗಳಿಗೆ 200 ಯೂನಿಟ್ ದಾಟಿತು ಅಂದರೆ ಪೂರ್ತಿ ಬಿಲ್ ನಿಮ್ಮ ತಲೆಗೆ. ಶೆಡ್ಡಿಗೆ ಬೇರೆ ಮೀಟರ್ ಹಾಕಿಸಿ, ವಾಣಿಜ್ಯ ದರವೇ ಆಗಲಿ. ನೆಮ್ಮದಿಗೆ ಅದು ಜಾಸ್ತಿ ಬೆಲೆ ಅಲ್ಲ.

ಕೂಳೂರು_ಮೆಕ್ಯಾನಿಕ್:

ಕರಿಕೋಟಿನವರು ಹೇಳಿದ್ದೆಲ್ಲ ಸರಿ. ಆದರೆ ನಿಮ್ಮ ಪೋಸ್ಟ್‌ನಲ್ಲಿ ನನಗೆ ಕಣ್ಣಿಗೆ ಬಿದ್ದದ್ದು ಬಾವಿ. ಅದನ್ನು ಕೊನೆಯಲ್ಲಿ ಬರೆದಿದ್ದೀರಿ ಮಾರಾಯ್ರೆ, ಮೊದಲು ಬರೆಯಬೇಕಿತ್ತು.

ನಮ್ಮ ಊರಿನ ನೆಲದಡಿಯ ಮುರಕಲ್ಲು, ಅದೇ ಕೆಂಪು ಕಲ್ಲು, ನೋಡಿದ್ದೀರಲ್ವಾ, ಕಡಿದ ಕಲ್ಲಿನ ಮೈ ತುಂಬ ತೂತು. ನೀರು ಸಲೀಸಾಗಿ ಇಳಿಯುತ್ತದೆ, ಹಾಗಾಗಿಯೇ ಮಳೆ ಶುರುವಾಗಿ ಸ್ವಲ್ಪ ದಿನಕ್ಕೆ ಬಾವಿ ಮೇಲೆ ಬರುವುದು. ಆಯಿಲ್, ಡೀಸೆಲ್ ಕೂಡ ಅದೇ ದಾರಿ ಹಿಡಿಯುತ್ತದೆ. 800ರಂಥ ಸಣ್ಣ ಕಾರಿನ ಇಂಜಿನ್ ಅಡಿಯ ಆಯಿಲ್ ನಟ್ಟು ಬಿಚ್ಚಿದರೆ ಮೂರು ಲೀಟರ್ ಹತ್ತಿರ ಹಳೇ ಆಯಿಲ್ ಬರುತ್ತದೆ. ಕೊನೇ ಸುತ್ತಿನಲ್ಲಿ ನಟ್ಟು ಕೈಯಿಂದ ಜಾರಿ ಟ್ರೇಗೆ ಬೀಳುತ್ತದೆ, ಬಿಸಿ ಆಯಿಲ್ ಮಣಿಕಟ್ಟಿನಿಂದ ಮೊಣಕೈ ತನಕ ಇಳಿಯುತ್ತದೆ, ಹುಡುಗ ಕೈ ಎಳೆದುಕೊಳ್ಳುವಾಗ ಟ್ರೇ ಮಗುಚುತ್ತದೆ. ಹೊಸಬರಲ್ಲಿ ಇದು ಮಾಮೂಲಿ. ನೆಲ ಗಟ್ಟಿ ಇದ್ದರೆ ಮರದ ಹುಡಿ ಹಾಕಿ ಗುಡಿಸಬಹುದು. ಬಿರುಕು ಬಿಟ್ಟಿದ್ದರೆ ಸೀದಾ ಕೆಳಗೆ. ಆದ್ದರಿಂದ ಮೊದಲ ಖರ್ಚು ಲಿಫ್ಟ್ ಅಲ್ಲ, ನೆಲ. ಬಿರುಕು ಮುಚ್ಚಿಸಿ, ಆಯಿಲ್ ಇಳಿಯದ ಎಪಾಕ್ಸಿ ಲೇಪ ಬಳಿಸಿ, ಶಟರ್ ಬಾಗಿಲಲ್ಲಿ ಎರಡು ಇಂಚಿನ ದಂಡೆ ಕಟ್ಟಿಸಿ. ಒಳಗೆ ಚೆಲ್ಲಿದ್ದು ಅಂಗಳಕ್ಕೆ ಬರಬಾರದು.

ಹಳೇ ಆಯಿಲನ್ನು ಮುಚ್ಚಳ ಇರುವ ಕ್ಯಾನ್‌ನಲ್ಲಿ ತುಂಬಿಸಿ ಇಡಬೇಕು. ಊರಲ್ಲಿ ಅದನ್ನು ಗೆದ್ದಲು ಹಿಡಿಯದ ಹಾಗೆ ಬೇಲಿ ಕಂಬಕ್ಕೆ ಬಳಿಯುತ್ತಾರೆ, ಸೆಂಟ್ರಿಂಗ್ ಹಲಗೆಗೆ ಹಚ್ಚುತ್ತಾರೆ. ಬೇಡ. 2016ರ ನಿಯಮದ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ, ನೋಂದಾಯಿತ ಮರುಬಳಕೆಯವರಿಗೇ ಹೋಗಬೇಕು. ಸುಲಭದ ದಾರಿ ಅಂದರೆ, ಅಂಥವರಿಗೆ ಆಯಿಲ್ ಕೊಡುವ ದೊಡ್ಡ ವರ್ಕ್‌ಶಾಪ್ ಒಂದನ್ನು ಹಿಡಿದು ನಿಮ್ಮ ಕ್ಯಾನನ್ನೂ ಅಲ್ಲಿಗೇ ಸೇರಿಸಿ. ಇಂಜಿನ್ ತಂಪು ಮಾಡುವ ಕೂಲಂಟ್ ಇನ್ನೂ ಕೆಟ್ಟದ್ದು. ಸಿಹಿ ಇರುತ್ತದೆ. ನಾಯಿ, ದನ ನೆಕ್ಕಿದರೆ ಕಿಡ್ನಿ ಹೋಗಿ ಸಾಯುತ್ತವೆ. ಹಳೇ ಬ್ಯಾಟರಿ ಗುಜರಿಗೆ ಹಾಕಬೇಡಿ, ಹೊಸದು ಕೊಳ್ಳುವಾಗ ಅಂಗಡಿಯವರೇ ವಾಪಸ್ ತೆಗೆದುಕೊಳ್ಳುತ್ತಾರೆ.

ಇನ್ನು ಜೀವದ ವಿಷಯ. ಜಾಕಿ ಎತ್ತಲು ಮಾತ್ರ. ಎತ್ತಿದ ಮೇಲೆ ಸ್ಟ್ಯಾಂಡ್ ಇಟ್ಟು, ಕಾರನ್ನು ಒಮ್ಮೆ ಅಲ್ಲಾಡಿಸಿ ನೋಡಿ, ಆಮೇಲೆ ಕೆಳಗೆ ತೂರಬೇಕು. ಸ್ಟ್ಯಾಂಡ್ ಬದಲು ಕೆಂಪು ಕಲ್ಲು ಇಡುವವರನ್ನು ನೋಡಿದ್ದೇನೆ. ಅದು ಒಡೆಯುವ ಮೊದಲು ಹೇಳಿ ಒಡೆಯುವುದಿಲ್ಲ. ಸ್ಟ್ಯಾಂಡ್ ನೀವೇ ತಂದಿಡಿ, ಅವರು ತರುತ್ತಾರೆ ಅಂತ ಕಾಯಬೇಡಿ. ಮಳೆಗಾಲದಲ್ಲಿ ಎರಚಲು ಬರುತ್ತದೆ ಅಂತ ಶಟರ್ ಎಳೆದು ಒಳಗೆ ಇಂಜಿನ್ ಓಡಿಸಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ತಲೆ ನೋಯುತ್ತದೆ, ನಿದ್ದೆ ಬಂದ ಹಾಗಾಗುತ್ತದೆ, ಮತ್ತೆ ಏಳುವುದಿಲ್ಲ. ಇಂಜಿನ್ ಓಡುವಾಗ ಶಟರ್ ಪೂರ್ತಿ ಮೇಲೆ, ಇದರಲ್ಲಿ ರಿಯಾಯಿತಿ ಇಲ್ಲ.

ಕೆಳಗೆ ಗುಂಡಿ ತೋಡುವ ಯೋಚನೆ ಬಂದರೆ ಅಲ್ಲಿಗೇ ಬಿಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಗುಂಡಿಯಲ್ಲಿ ಹೋಗಿ ಕೂರುತ್ತದೆ. ಮತ್ತೆ ಜೂನ್‌ನಲ್ಲಿ ಅದು ನಿಮ್ಮ ಎರಡನೇ ಬಾವಿ ಆಗುತ್ತದೆ.

ಪಕ್ಕದ್ಮನೆ:

ಎಲ್ಲರೂ ಮಾಲಕರ ಕಡೆಯಿಂದ, ಹುಡುಗರ ಕಡೆಯಿಂದ ಬರೆದಿದ್ದೀರಿ. ನಾನು ಇಂಥ ಒಂದು ಶೆಡ್ಡಿನ ಪಕ್ಕ ಇರುವವಳು. ಭಾನುವಾರ ಊಟ ಮಾಡಿ ಮಲಗಿದ ಹೊತ್ತಿಗೆ ಗ್ರೈಂಡರ್ ಶುರುವಾಗುತ್ತದೆ. ಕಬ್ಬಿಣಕ್ಕೆ ಅದು ತಾಗುವ ಶಬ್ದ ಹಲ್ಲಿನ ಒಳಗೆ ಕೇಳುತ್ತದೆ. ಆಮೇಲೆ ಸೈಲೆನ್ಸರ್ ಬಿಚ್ಚಿ ಬೈಕ್ ಟ್ಯೂನ್ ಮಾಡುತ್ತಾರೆ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ 45 ಅಂತ 2000ನೇ ಇಸವಿಯ ನಿಯಮವೇ ಇದೆ. ಗ್ರೈಂಡರ್ ಪಕ್ಕ ನಿಂತು ಫೋನಿನಲ್ಲಿ ಅಳೆದು ನೋಡಿ, 90 ಸಲೀಸಾಗಿ ದಾಟುತ್ತದೆ.

ನಾನು ಬೇಡ ಅನ್ನುತ್ತಿಲ್ಲ. ಹುಡುಗರು ಬೇರೆ ಕಡೆ ಅಲೆಯುವುದಕ್ಕಿಂತ ಕೈ ಕಪ್ಪು ಮಾಡಿಕೊಂಡು ಏನೋ ಕಲಿಯಲಿ. ಕೊಡುವ ಮೊದಲು ಎರಡೂ ಬದಿಯ ಮನೆಗೆ ಹೋಗಿ ಒಂದು ಮಾತು ಹೇಳಿ ಬನ್ನಿ. ಹೇಳದೇ ಶುರು ಮಾಡಿದ್ದಕ್ಕೇ ನಮ್ಮಲ್ಲಿ ಜಗಳ ಆದದ್ದು.

ಹೊರದೇಶಿ_ಮಂಗ್ಳೂರಿಗ:

ತಮ್ಮನ ಐಡಿಯಾ ಪೂರ್ತಿ ಹುಚ್ಚಲ್ಲ ಅಂತ ಹೇಳಲು ಬಂದೆ. ಇಲ್ಲಿ ಜರ್ಮನಿಯಲ್ಲಿ ಅಂಥ ವರ್ಕ್‌ಶಾಪ್‌ಗಳು ಎಷ್ಟೋ ಇವೆ. ಲಿಫ್ಟಿಗೆ ಗಂಟೆ ಲೆಕ್ಕ, ಸ್ಪೆಷಲ್ ಟೂಲಿಗೆ ಬೇರೆ ಬಾಡಿಗೆ, ಹಳೇ ಆಯಿಲ್ ಅವರೇ ತೆಗೆದುಕೊಳ್ಳುತ್ತಾರೆ. ಅಮೆರಿಕದ ಸೇನಾ ನೆಲೆಗಳಲ್ಲೂ ಸೈನಿಕರು ಸ್ವಂತ ಕಾರು ರಿಪೇರಿ ಮಾಡಿಕೊಳ್ಳಲು ಇಂಥ ಜಾಗ ಇರುತ್ತದೆ. ಆದರೆ ಇಲ್ಲಿ ಮೆಕ್ಯಾನಿಕ್ ಕೂಲಿ ಎಷ್ಟು ದುಬಾರಿ ಅಂದರೆ, ಒಂದು ಬ್ರೇಕ್ ಪ್ಯಾಡ್ ನಾವೇ ಹಾಕಿದರೂ ಉಳಿದ ದುಡ್ಡು ಕಣ್ಣಿಗೆ ಕಾಣುತ್ತದೆ. ಉಡುಪಿಯಲ್ಲಿ ಆ ಉಳಿತಾಯ ಇಲ್ಲ. ಅಲ್ಲಿ ಇದಕ್ಕೆ ಬರುವವರು ಪ್ರೀತಿಗೆ ಬರುವವರು. ಅಂಥವರು ಕಮ್ಮಿ, ಮತ್ತೆ ಅವರಿಗೆ ಬೇಕಾದದ್ದು ಪಾನಾ ಪ್ರೇಮಿ ಹೇಳಿದ್ದೇ.

ಇನ್ನೊಂದು, ಈ ಜಾಗಗಳಲ್ಲಿ ತಿಳಿದವನೊಬ್ಬ ಯಾವಾಗಲೂ ನಿಂತಿರುತ್ತಾನೆ. ನಿಮ್ಮಲ್ಲಿ ಯಾರು ನಿಲ್ಲುತ್ತಾರೆ, ಅಮ್ಮನಾ?

ಕಟಪಾಡಿ_ಶೆಡ್:

ಅಮ್ಮನಿಗೆ ಓದಿ ಹೇಳಿದೆ, ನಕ್ಕರು. ಅವರಿಗೆ ಹುಡುಗರ ಮೇಲೆ ಸಿಟ್ಟೇನಿಲ್ಲ, ಬಾವಿ ವಿಷಯ ಕೇಳಿದ ಮೇಲೆ ಮಾತ್ರ ಮುಖ ಸಣ್ಣಗಾಯಿತು.

ಗಂಟೆ ಲೆಕ್ಕ ಬಿಟ್ಟೆ. ಆ ಇಬ್ಬರಿಗೆ ಮಾತ್ರ ತಿಂಗಳ ಲೆಕ್ಕದಲ್ಲಿ ಕೊಡುವುದು, ಅದೂ ನೆಲ ಸರಿ ಮಾಡಿಸಿದ ಮೇಲೆ. ಎಪಾಕ್ಸಿ ಒಣಗಲು ಮಳೆ ನಿಲ್ಲಬೇಕು, ಹಾಗಾಗಿ ದೀಪಾವಳಿ ಕಳೆಯಲಿ ಅಂದೆ. ಅವರು ಒಪ್ಪಿದರು. ಕಪಾಟು ಅವರೇ ತರುತ್ತಾರಂತೆ. ಗ್ರೈಂಡರ್ ಮಧ್ಯಾಹ್ನ 1ರಿಂದ 4ರ ತನಕ ಬಂದ್ ಅಂತ ಕರಾರಿನಲ್ಲೇ ಬರೆಸುತ್ತೇನೆ.

ತಮ್ಮ ಈಗಲೂ ಲಿಫ್ಟ್ ಬಿಟ್ಟಿಲ್ಲ. ಎರಡು ಕಂಬದ್ದು ಹಾಕಬಹುದಾ, ಕೂಳೂರಿನವರೇ?

ಕೂಳೂರು_ಮೆಕ್ಯಾನಿಕ್:

ಬೇಡ. ಅದರ ಬೋಲ್ಟ್ ಹಿಡಿಯಲು ಕಮ್ಮಿ ಅಂದರೆ ನಾಲ್ಕು ಇಂಚು ಗಟ್ಟಿ ಕಾಂಕ್ರೀಟ್ ಬೇಕು, ಎತ್ತರ 12 ಅಡಿ ಹತ್ತಿರ ಬೇಕು. ಟೆಂಪೋ ನಿಲ್ಲಿಸಲು ಹಾಕಿದ ನೆಲ ಎಷ್ಟು ದಪ್ಪ ಅಂತ ಹಾಕಿದವನಿಗೇ ಗೊತ್ತು. ಆ ದುಡ್ಡಿನಲ್ಲಿ ಕರೆಂಟ್ ಲೀಕ್ ಆದರೆ ತಾನೇ ಕಡಿದುಹಾಕುವ 30 ಮಿಲಿಆಂಪಿನ ಆರ್‌ಸಿಸಿಬಿ ಸ್ವಿಚ್ ಹಾಕಿಸಿ, ಅರ್ಥಿಂಗ್ ಚೆಕ್ ಮಾಡಿಸಿ, ಡ್ರೈ ಪೌಡರಿನ ಒಂದು ಎಕ್ಸ್‌ಟಿಂಗ್ವಿಷರ್ ಬಾಗಿಲ ಹತ್ತಿರ ತೂಗುಹಾಕಿ. ಪೆಟ್ರೋಲ್ ಬೆಂಕಿಗೆ ನೀರು ಹೊಯ್ಯಬಾರದು ಅಂತ ಅಮ್ಮನಿಗೂ ಹೇಳಿಡಿ.

ಎಜ್ಡಿ_ಭಕ್ತ:

ಮೂರನೆಯವನಿಗೆ ಜಾಗ ಉಂಟಾ? ಬೈಕ್ ಮಾತ್ರ. ಮೈಸೂರಿನಲ್ಲೇ ತಯಾರಾದ ಎಜ್ಡಿ, ಅಜ್ಜನ ಕಾಲದ್ದು. ಆರ್‌ಸಿ ಸಿಗುತ್ತಿಲ್ಲ, ಹುಡುಕುತ್ತಿದ್ದೇನೆ.

ಕರಿಕೋಟು:

ಸಿಕ್ಕಿದ ಮೇಲೆ ಬನ್ನಿ.