ಇಬ್ಬರ ವಯಸ್ಸು ಸೇರಿ 87: ದತ್ತು ಏಜೆನ್ಸಿ ಮೂಲಕ ಪುಟ್ಟ ಮಗು ಸಿಗುತ್ತಾ?

ಬೆಣ್ಣೆದೋಸೆ_ಊರು
ನನಗೆ 46, ಮನೆಯವರಿಗೆ 41, ಮಕ್ಕಳಿಲ್ಲ. ಊರಿನ ದತ್ತು ಕೇಂದ್ರಕ್ಕೇ ಹೋಗಿ ಮಗು ನೋಡಿ ಒಪ್ಪಿಕೊಳ್ಳಬಹುದಾ, ಇಲ್ಲ ಆನ್‌ಲೈನ್ ನೋಂದಣಿಯೇ ಆಗಬೇಕಾ? ವರ್ಷದೊಳಗಿನ ಮಗು ಬೇಕು ಅಂತ ಆಸೆ. ಇನ್ನೊಂದು ವಿಷಯ. "ನರ್ಸಿಂಗ್ ಹೋಮಲ್ಲಿ ಒಂದು ಮಗು ಇದೆ, ಖರ್ಚು ಕೊಟ್ಟು ಛಾಪಾಕಾಗದದಲ್ಲಿ ಬರೆಸಿಕೊಂಡರೆ ಮುಗೀತು" ಅಂತ ಪರಿಚಯದವರೊಬ್ಬರು ಹೇಳ್ತಿದ್ದಾರೆ. ಇದು ನಡೆಯುತ್ತಾ?

ಕಡತದಾರ
ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಆ ಕಡೆ ತಲೆ ಹಾಕಲೇಬೇಡಿ. 2015ರ ಬಾಲನ್ಯಾಯ ಕಾಯ್ದೆಯ 81ನೇ ಕಲಂ ಪ್ರಕಾರ ಮಗುವನ್ನು ಮಾರಿದವರಿಗೂ ಕೊಂಡವರಿಗೂ 5 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ದಂಡ. ಆಸ್ಪತ್ರೆಯವರೇ ಶಾಮೀಲಾಗಿದ್ದರೆ ಅವರಿಗೆ 3ರಿಂದ 7 ವರ್ಷ. ಹಿಂದೂ ದತ್ತಕ ಕಾಯ್ದೆ (1956) ಇದೆಯಲ್ಲ ಅನ್ನಬಹುದು. ಅದರಲ್ಲೂ ದುಡ್ಡು ಕೊಟ್ಟು ಮಗು ಪಡೆಯುವಂತಿಲ್ಲ. ನಾಳೆ ದೂರು ಬಂದರೆ ಮಗುವನ್ನು ನಿಮ್ಮ ಕೈಯಿಂದ ತೆಗೆದು ಮಕ್ಕಳ ಕಲ್ಯಾಣ ಸಮಿತಿ ಮುಂದೆ ನಿಲ್ಲಿಸುತ್ತಾರೆ.

ಹೆತ್ತವರಿಗೆ ಸಾಕಲಾಗದಿದ್ದರೆ ಅವರು ಅದೇ ಸಮಿತಿ ಮುಂದೆ ಮಗುವನ್ನು ಒಪ್ಪಿಸಬೇಕು. ಮನಸ್ಸು ಬದಲಾದರೆ ವಾಪಸ್ ಪಡೆಯಲು ಅವರಿಗೆ 60 ದಿನ ಇರುತ್ತದೆ. ಬಿಟ್ಟುಹೋದ ಮಗುವಾದರೆ ಹೆತ್ತವರ ಪತ್ತೆಗೆ ಪ್ರಯತ್ನ ನಡೆಯಬೇಕು: 2 ವರ್ಷದೊಳಗಿನ ಮಗುವಿಗೆ ಎರಡು ತಿಂಗಳು, ಅದಕ್ಕಿಂತ ದೊಡ್ಡದಾದರೆ ನಾಲ್ಕು ತಿಂಗಳು. ಆಮೇಲಷ್ಟೇ "ದತ್ತು ನೀಡಲು ಕಾನೂನುಬದ್ಧವಾಗಿ ಮುಕ್ತ" ಎಂಬ ಘೋಷಣೆ. ಆ ಕಾಗದ ಇಲ್ಲದ ಮಗುವನ್ನು ಯಾವ ಏಜೆನ್ಸಿಯೂ ಕೊಡುವಂತಿಲ್ಲ.

ಸರತಿ_ಸಾಲು
ಕೇಂದ್ರಕ್ಕೆ ಹೋಗಿ ಮಗು ಆರಿಸುವ ಪದ್ಧತಿ ಈಗಿಲ್ಲ. ಕಾರಾ (ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ) ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು. ಮಗು ತೋರಿಸುವುದು ಸರತಿಯ ಲೆಕ್ಕದಲ್ಲಿ. ಏಜೆನ್ಸಿಯವರ ಪರಿಚಯ ಅಲ್ಲಿ ಕೆಲಸಕ್ಕೆ ಬರಲ್ಲ.

ವಯಸ್ಸು ನೋಡಿ. 2022ರ ನಿಯಮದಂತೆ 2 ವರ್ಷದವರೆಗಿನ ಮಗುವಿಗೆ ದಂಪತಿಯ ಒಟ್ಟು ವಯಸ್ಸು 85 ಮೀರಬಾರದು, 2ರಿಂದ 4ರ ಮಗುವಿಗೆ 90, 4ರಿಂದ 8ಕ್ಕೆ 100. ನಿಮ್ಮದು 87, ಹಾಗಾಗಿ ಕೂಸು ಸಿಗಲ್ಲ, 2ರಿಂದ 4ರ ಗುಂಪು ತೆರೆದಿದೆ. ನೋಂದಣಿ ದಿನದ ವಯಸ್ಸೇ ಲೆಕ್ಕಕ್ಕೆ ಬರುವುದರಿಂದ ತಡ ಮಾಡಬೇಡಿ. ಇಬ್ಬರಿಗೂ ಒಂದೊಂದು ವರ್ಷ ಕೂಡಿದರೆ 89, ಇನ್ನೊಂದು ವರ್ಷಕ್ಕೆ 91.

ದಾಖಲೆ ಅಪ್‌ಲೋಡ್‌ಗೆ ನೋಂದಣಿಯಿಂದ 30 ದಿನ. ಪ್ಯಾನ್, ಜನನ ದಾಖಲೆ, ವಿಳಾಸ, ಆದಾಯ, ಮದುವೆ ಪ್ರಮಾಣಪತ್ರ, ಇಬ್ಬರದೂ ವೈದ್ಯಕೀಯ ಪ್ರಮಾಣಪತ್ರ, ಜೊತೆಗೆ ಪರಿಚಿತರಿಂದ ಎರಡು ಪತ್ರ. ಕಡತ ನಿಲ್ಲುವುದು ಹೆಚ್ಚಾಗಿ ಹೆಸರಿನ ವಿಷಯದಲ್ಲಿ: ಆಧಾರ್‌ನಲ್ಲಿ ಗಂಡನ ಹೆಸರು ಸೇರಿರುತ್ತದೆ, ಪ್ಯಾನ್‌ನಲ್ಲಿ ತವರಿನ ಇನಿಷಿಯಲ್ ಇರುತ್ತದೆ. ಮೊದಲೇ ಸರಿಮಾಡಿಸಿ. ಬಿಪಿ, ಶುಗರ್ ಇದ್ದರೆ ಮುಚ್ಚಿಡಬೇಡಿ. "ಔಷಧಿಯಿಂದ ಹತೋಟಿಯಲ್ಲಿದೆ" ಅಂತ ವೈದ್ಯರಿಂದಲೇ ಬರೆಸಿ.

ಆಮೇಲೆ ಮನೆ ಅಧ್ಯಯನ, ಶುಲ್ಕ 6,000 ರೂಪಾಯಿ. ಸಮಾಜ ಕಾರ್ಯಕರ್ತರು ಮನೆಗೆ ಬಂದು ಗಂಡ ಹೆಂಡಿರನ್ನು ಬೇರೆ ಬೇರೆಯಾಗಿಯೂ ಮಾತಾಡಿಸುತ್ತಾರೆ. ಅವರಿಗೆ ಟೈಲ್ಸ್, ಸೋಫಾ ಮುಖ್ಯವಲ್ಲ. ಅತ್ತೆ ಮಾವ ಒಪ್ಪಿದ್ದಾರಾ, ಹಗಲು ಮಗುವಿನ ಜೊತೆ ಯಾರಿರ್ತಾರೆ, ದತ್ತು ಅಂತ ಮಗುವಿಗೆ ಹೇಳ್ತೀರಾ ಅಂತ ಕೇಳ್ತಾರೆ. ಒಬ್ಬರು "ಹೇಳ್ತೀವಿ", ಇನ್ನೊಬ್ಬರು "ಯಾಕೆ ಹೇಳಬೇಕು" ಅಂದರೆ ವರದಿಯಲ್ಲಿ ಅದೇ ಬರುತ್ತದೆ. ವರದಿಯ ಅವಧಿ 3 ವರ್ಷ.

ಬೆಣ್ಣೆದೋಸೆ_ಊರು
ಸ್ಪಷ್ಟವಾಯಿತು. 2ರಿಂದ 4 ಅಂತಲೇ ಹಾಕ್ತೀವಿ. ಮಗು ತೋರಿಸಿದ ಮೇಲೆ ಯೋಚನೆಗೆ ಸಮಯ ಕೊಡ್ತಾರಾ?

ತೂಕದ_ಚಾರ್ಟು
ಕಾಯ್ದಿರಿಸಲು 48 ಗಂಟೆ ಅಷ್ಟೇ. ವರ್ಷಗಟ್ಟಲೆ ಕಾದವರು ಎಡವುವುದು ಇಲ್ಲೇ. ನೋಂದಣಿಗೆ ಕೊಟ್ಟ ಮೊಬೈಲ್ ಸಂಖ್ಯೆ ಬದಲಾಗಿರುತ್ತದೆ, ಸಂದೇಶ ಇಮೇಲ್‌ನ ಸ್ಪ್ಯಾಮ್‌ನಲ್ಲಿ ಬಿದ್ದಿರುತ್ತದೆ. ಸುಮ್ಮನಿದ್ದರೂ ಒಂದು ಅವಕಾಶ ಹೋದಂತೆ. ಇರುವುದೇ ಮೂರು, ಮೂರೂ ಕಳೆದರೆ ಒಂದು ವರ್ಷ ಹೊಸ ನೋಂದಣಿಗೂ ತಡೆ.

ಫೋಟೊ ಜೊತೆ ಮಗುವಿನ ಅಧ್ಯಯನ ವರದಿ, ವೈದ್ಯಕೀಯ ವರದಿ ಬರುತ್ತವೆ. ಮಕ್ಕಳ ವೈದ್ಯರೊಬ್ಬರಿಗೆ ಮೊದಲೇ ಹೇಳಿಟ್ಟಿರಿ, ಅದೇ ದಿನ ತೋರಿಸಿ. ತೂಕ ಒಂದನ್ನೇ ನೋಡಿ ಹೆದರಬೇಡಿ. ಸಂಸ್ಥೆಯಲ್ಲಿ ಬೆಳೆದ ಮಗು ತೂಕದಲ್ಲಿ, ಮಾತಿನಲ್ಲಿ ಹಿಂದಿರುವುದು ಸಾಮಾನ್ಯ. ತಲೆಯ ಸುತ್ತಳತೆ ಹೇಗೆ ಬೆಳೆದಿದೆ, ಕಿವಿ ಕೇಳಿಸುತ್ತದಾ, ಥೈರಾಯ್ಡ್, ಹೆಪಟೈಟಿಸ್ ಬಿ, ಎಚ್‌ಐವಿ ಪರೀಕ್ಷೆ ಆಗಿದೆಯಾ ಅಂತ ಕೇಳಿ. 18 ತಿಂಗಳೊಳಗೆ ಮಾಡಿದ ಎಚ್‌ಐವಿ ಆಂಟಿಬಾಡಿ ಪರೀಕ್ಷೆ ಪಾಸಿಟಿವ್ ಬಂದಿದ್ದರೆ ಅದು ತಾಯಿಯಿಂದ ಬಂದ ಆಂಟಿಬಾಡಿಯೂ ಆಗಿರಬಹುದು. ವೈರಸ್ಸನ್ನೇ ನೇರವಾಗಿ ಹುಡುಕುವ ಪಿಸಿಆರ್ ಪರೀಕ್ಷೆಯ ವರದಿ ಕೇಳಬೇಕು.

ಕಾಯ್ದಿರಿಸಿದ ಮೇಲೆ 30 ದಿನದೊಳಗೆ ಏಜೆನ್ಸಿಗೆ ಹೋಗಿ, ದತ್ತು ಸಮಿತಿಯನ್ನೂ ಮಗುವನ್ನೂ ಕಂಡು ಒಪ್ಪಿಗೆ ಸಹಿ ಹಾಕಬೇಕು. ಬೇಕಿದ್ದರೆ ನಿಮ್ಮ ವೈದ್ಯರಿಂದ ಇನ್ನೊಮ್ಮೆ ತಪಾಸಣೆ ಮಾಡಿಸಬಹುದು.

ಕಡತದಾರ
ಸಹಿಯಾದ ಮೇಲೆ ಮಗು ಮನೆಗೆ ಬರುವುದು ದತ್ತುಪೂರ್ವ ಪೋಷಣೆ ಎಂಬ ಲೆಕ್ಕದಲ್ಲಿ, ಆದೇಶಕ್ಕಿಂತ ಮುಂಚೆಯೇ. ಏಜೆನ್ಸಿ ಇರುವ ಜಿಲ್ಲೆಯ ಜಿಲ್ಲಾಧಿಕಾರಿಗೆ ಅರ್ಜಿ ಹೋಗುತ್ತದೆ. 2022ರ ಸೆಪ್ಟೆಂಬರ್‌ನಿಂದ ಕೋರ್ಟ್ ಬದಲು ಅವರೇ ಆದೇಶ ಕೊಡುವುದು, ಎರಡು ತಿಂಗಳ ಗಡುವು. ಮಗು ಕಲಬುರಗಿಯ ಏಜೆನ್ಸಿಯದಾದರೆ ಆದೇಶವೂ ಅಲ್ಲಿಂದಲೇ, ನಿಮ್ಮ ದಾವಣಗೆರೆಯಿಂದಲ್ಲ.

ಅರ್ಜಿಯ ಕರಡು ಸಹಿಗೆ ಬಂದಾಗ ಮಗುವಿನ ಹೊಸ ಹೆಸರು, ಹುಟ್ಟಿದ ದಿನ, ನಿಮ್ಮಿಬ್ಬರ ಹೆಸರು ಅಕ್ಷರ ಅಕ್ಷರ ಓದಿ. ಜನನ ಪ್ರಮಾಣಪತ್ರ ಆದೇಶ ನೋಡಿಯೇ ಬರೆಯುತ್ತಾರೆ, ಆಧಾರ್, ಪಾಸ್‌ಪೋರ್ಟ್ ಎಲ್ಲಾ ಅದರ ಮೇಲೆ. ಒಂದು ಒತ್ತಕ್ಷರ ತಪ್ಪಿದರೆ ತಿದ್ದುಪಡಿಗೆ ಮತ್ತೆ ಅದೇ ಕಚೇರಿ. ಶಿಶುಪಾಲನಾ ನಿಧಿ ಶುಲ್ಕ ಎಷ್ಟು ಅಂತ ನಿಯಮದ ಪಟ್ಟಿಯಲ್ಲೇ ಇದೆ. ಅದಕ್ಕೆ ರಸೀದಿ ಪಡೆಯಿರಿ, ಪಟ್ಟಿಯಲ್ಲಿಲ್ಲದ "ದೇಣಿಗೆ" ಕೇಳಿದರೆ ಕೊಡಬೇಡಿ. ಮುಂದೆ ಎರಡು ವರ್ಷ, ಆರು ತಿಂಗಳಿಗೊಮ್ಮೆ ವಿಚಾರಿಸಲು ಬರುತ್ತಾರೆ.

ತೂಕದ_ಚಾರ್ಟು
ಮಗು ಕರೆತರುವ ದಿನಕ್ಕೆ: ಲಸಿಕೆ ಕಾರ್ಡ್, ಊಟ ನಿದ್ದೆಯ ಹೊತ್ತು, ಯಾವ ಹೆಸರಿಗೆ ತಿರುಗಿ ನೋಡುತ್ತೆ, ಯಾವ ಭಾಷೆ ಕೇಳಿ ಅಭ್ಯಾಸ, ಎಲ್ಲ ಆಯಮ್ಮನ ಹತ್ತಿರ ಕೇಳಿ ಬರೆದುಕೊಳ್ಳಿ. ಅದು ಹೊದೆಯುವ ಬಟ್ಟೆಯನ್ನು ತೊಳೆಯದೆ ಹಾಗೇ ತನ್ನಿ, ಆ ವಾಸನೆ ಮಗುವಿಗೆ ಗುರುತು. ಮೊದಲ ವಾರ ನೆಂಟರ ಸಾಲು ಬೇಡ.