ಬಿಸಿಗೆ ನರಕೋಶ “ಚುರುಕಾಗುತ್ತದೆ” ಅಂದರೆ ಏನಾಗುತ್ತದೆ?

ಎಲ್ಲರಿಗೂ ನಮಸ್ಕಾರ.

ಉಡುಪಿಯಲ್ಲಿ ನಮ್ಮ ಕಾಲೇಜಿನ ಹುಡುಗರು ಕನ್ನಡದಲ್ಲೇ ಒಂದು ವಿಜ್ಞಾನದ ಗೋಡೆಪತ್ರಿಕೆ ತರುತ್ತಾರೆ. ಈ ಸಲ ಬಂದಿರುವ ಒಂದು ಬರಹ, ಬಸವನಹುಳುವಿನ ನರಕೋಶದ ಮೇಲೆ ತಾಪದ ಪರಿಣಾಮ ಏನು ಎಂಬುದರ ಬಗ್ಗೆ. ಮಳೆ ಹಿಡಿಯಿತೆಂದರೆ ಅಡಿಕೆ ತೋಟದಲ್ಲೆಲ್ಲ ಆಫ್ರಿಕನ್ ಶಂಖದ ಹುಳುಗಳದ್ದೇ ಕಾರುಬಾರು, ಬೇಸಗೆಯಲ್ಲಿ ಅವೇ ಚಿಪ್ಪಿನ ಬಾಯಿಗೆ ಸುಣ್ಣದ ಮುಚ್ಚಳ ಹಾಕಿಕೊಂಡು ಬಿದ್ದಿರುತ್ತವೆ. ಹಾಗಾಗಿ ಹುಡುಗರಿಗೆ ವಿಷಯ ದೂರದ್ದಲ್ಲ. ಬರಹವೂ ಚೆನ್ನಾಗಿಯೇ ಉಂಟು. ನನ್ನ ತಕರಾರು ಒಂದು ವಾಕ್ಯದ ಮೇಲೆ: “ಬಿಸಿ ಏರಿದಂತೆ ನರಕೋಶ ಚುರುಕಾಗುತ್ತದೆ, ತಂಪಾದಾಗ ಮಂದವಾಗುತ್ತದೆ.”

ಓದಲು ಸಲೀಸು. ಆದರೆ ಈ “ಚುರುಕು” ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಚೀಲಕ್ಕೆ ತುಂಬುತ್ತದೆ, ಮತ್ತು ಅವು ಮೂರೂ ಒಂದೇ ದಿಕ್ಕಿಗೆ ಹೋಗಬೇಕೆಂದೇನೂ ಇಲ್ಲ.

ಒಂದು, ಮಿಡಿತ, ಅಂದರೆ ನರಕೋಶದಲ್ಲಿ ಗಳಿಗೆಯಲ್ಲಿ ಎದ್ದು ಬೀಳುವ ವಿದ್ಯುತ್ತಿನ ಅಲೆ, ಎಷ್ಟು ಬೇಗ ಎದ್ದು ಎಷ್ಟು ಬೇಗ ಬೀಳುತ್ತದೆ ಎಂಬುದು. (ಕ್ರಿಯಾವಿಭವ ಅನ್ನುವ ಪಠ್ಯಪುಸ್ತಕದ ಪದ ನನಗೆ ಗೊತ್ತು, ಹುಡುಗರು “ಮಿಡಿತ” ಎಂದು ಬರೆದಿದ್ದಾರೆ, ನನಗೆ ಅದೇ ಇಷ್ಟ.) ನರಕೋಶದ ಪೊರೆಯಲ್ಲಿ ಸೋಡಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಅಯಾನುಗಳಿಗೆ (ವಿದ್ಯುದಂಶ ಹೊತ್ತ ಕಣಗಳಿಗೆ) ಅವವೇ ಬಾಗಿಲುಗಳುಂಟು. ಬಾಗಿಲು ಎಂದರೆ ಪ್ರೋಟೀನು, ತೆರೆಯುವುದು ಎಂದರೆ ಆ ಪ್ರೋಟೀನು ಆಕಾರ ಬದಲಿಸುವುದು. ಅದರ ವೇಗ ತಾಪಕ್ಕೆ ತಕ್ಕಂತೆ ಬಹಳ ಬದಲಾಗುತ್ತದೆ. 1952ರಲ್ಲಿ ಹಾಜ್‌ಕಿನ್ ಮತ್ತು ಹಕ್ಸ್‌ಲಿ ಎಂಬ ವಿಜ್ಞಾನಿಗಳು ಇದನ್ನು ಲೆಕ್ಕಕ್ಕೆ ಇಳಿಸಿದ್ದು ಬಸವನಹುಳುವಿನಲ್ಲಲ್ಲ, ಅದರ ದಾಯಾದಿಯಲ್ಲಿ. ನಮ್ಮ ಮಲ್ಪೆಯಲ್ಲಿ ಬೊಂಡಾಸ್ (ಸ್ಕ್ವಿಡ್) ಅನ್ನುತ್ತಾರಲ್ಲ, ಆ ವರ್ಗದ ಪ್ರಾಣಿಯ ದಪ್ಪ ನರತಂತುವಿನಲ್ಲಿ. ಅವರ ಸಮೀಕರಣಗಳು 6.3 ಡಿಗ್ರಿ ಸೆಲ್ಸಿಯಸ್‌ಗೆ ಬರೆದವು. ಬೇರೆ ತಾಪಕ್ಕೆ ಹೊಂದಿಸಬೇಕಾದರೆ ಪ್ರತಿ 10 ಡಿಗ್ರಿಗೆ ಬಾಗಿಲುಗಳ ವೇಗವನ್ನು 3ರಿಂದ ಗುಣಿಸಬೇಕು. 20 ಡಿಗ್ರಿ ಏರಿದರೆ 9 ಪಟ್ಟು. ಅದೇ ಅಯಾನುಗಳ ಸಮತೋಲನ ವಿಭವ (ಒಂದು ಅಯಾನಿನ ಒಳಹರಿವು ಹೊರಹರಿವು ಸರಿಸಮವಾಗುವ ವೋಲ್ಟೇಜು) ನೋಡಿ: ಅದು ಕೆಲ್ವಿನ್ ಮಾನದ ತಾಪದ ಅನುಪಾತದಲ್ಲಿ ಬದಲಾಗುತ್ತದೆ, 293 ಇದ್ದದ್ದು 303 ಆದರೆ ವ್ಯತ್ಯಾಸ ನೂರಕ್ಕೆ ಮೂರೂವರೆಯೂ ಇಲ್ಲ. ಅಂದರೆ ಬಿಸಿಯ ಪ್ರತಾಪವೆಲ್ಲ ಬಾಗಿಲುಗಳ ಮೇಲೆ. ತಂಪು ಕೋಶದಲ್ಲಿ ಮಿಡಿತ ಅಗಲವಾಗುತ್ತದೆ, ಬೆಚ್ಚಗಿನದರಲ್ಲಿ ಕಿರಿದಾಗುತ್ತದೆ, ತಂತುವಿನಲ್ಲಿ ಬೇಗ ಓಡುತ್ತದೆ. ಇಷ್ಟಕ್ಕೆ “ಚುರುಕು” ಧಾರಾಳ ಸಾಕು.

ಎರಡನೆಯದು ಸೆಕೆಂಡಿಗೆ ಎಷ್ಟು ಮಿಡಿತ ಎಂಬುದು. ನಾವು ಓಡುವುದಕ್ಕೂ “ವೇಗ”, ನಾಡಿಯ ಎಣಿಕೆಗೂ “ವೇಗ” ಅನ್ನುತ್ತೇವೆ, ಗೊಂದಲ ಅಲ್ಲಿಂದಲೇ ಶುರು. ಇಲ್ಲಿಗೆ “ಮಿಡಿತದ ದರ” ಎಂದು ತಿದ್ದಿದ್ದೇನೆ. ಆಕ್ಷೇಪ ಇದ್ದವರು ಹೇಳಿ.

ತಲೆಬಿಸಿ ಇರುವುದು ಮೂರನೆಯದರಲ್ಲಿ: ಕೋಶ ಮಿಡಿಯಲು ಎಷ್ಟು ತಯಾರಾಗಿದೆ ಎಂಬುದು. ಪೊರೆಯಲ್ಲಿ ಬಾಗಿಲುಗಳಲ್ಲದೆ ಒಂದು ಪಂಪೂ ಉಂಟು. ಒಂದೊಂದು ಸುತ್ತಿಗೆ ಅದು 3 ಸೋಡಿಯಂ ಅಯಾನುಗಳನ್ನು ಹೊರಗೆ ಹಾಕಿ 2 ಪೊಟ್ಯಾಸಿಯಂ ಒಳಗೆ ತರುತ್ತದೆ. ಲೆಕ್ಕ ಹಾಕಿ, ಪ್ರತಿ ಸುತ್ತಿಗೆ ಒಂದು ಧನ ವಿದ್ಯುದಂಶ ಹೊರಗೇ ಉಳಿಯಿತು. ಬಿಸಿ ಏರಿದರೆ ಪಂಪಿನ ಕೆಲಸ ಜೋರು, ಕೋಶದ ಒಳಭಾಗ ಇನ್ನಷ್ಟು ಋಣ, ಮಿಡಿಯುವ ಮಟ್ಟ (ಒಳಗಿನ ವಿಭವ ಎಲ್ಲಿಗೆ ಏರಿದರೆ ಮಿಡಿತ ಶುರುವಾಗುತ್ತದೋ ಅದು) ಇನ್ನಷ್ಟು ದೂರ. 1968ರಲ್ಲಿ ಕಾರ್ಪೆಂಟರ್ ಮತ್ತು ಆಲ್ವಿಂಗ್ ಎಂಬವರು ಅಪ್ಲೀಸಿಯ ಎಂಬ ಕಡಲ ಬಸವನಹುಳುವಿನ ನರಕೋಶಗಳಲ್ಲಿ ಇದನ್ನು ತೋರಿಸಿದರು. ಔಬೇನ್ ಎಂಬ ಸಸ್ಯವಿಷ ಹಾಕಿ ಪಂಪನ್ನು ತಡೆದರೆ ಬಿಸಿಯಿಂದ ಹೀಗಾಗುವುದೂ ನಿಲ್ಲುತ್ತದೆ. ಅಂಥ ಕೋಶ ಬೆಚ್ಚಗಾದಾಗ, ಅದರ ಒಂದೊಂದು ಮಿಡಿತ ಚುರುಕು, ಕೋಶ ಮಾತ್ರ ಮೌನಿ! ತಣ್ಣಗಾಗುವಾಗ ಪಂಪು ಸೋತು, ಸುಮ್ಮನಿದ್ದದ್ದು ಮಿಡಿಯತೊಡಗುವುದೂ ಉಂಟು. ಎಲ್ಲ ಕೋಶಗಳೂ ಹೀಗೇ ಅಲ್ಲ, ಬಿಸಿಗೆ ದರ ಏರಿಸುವವೂ ಅದೇ ಹುಳುವಿನಲ್ಲಿವೆ. ಹಾಗಿರುವಾಗ “ಚುರುಕಾಗುತ್ತದೆ” ಎಂದು ಒಂದೇ ಏಟಿಗೆ ಬರೆಯುವುದು ಹೇಗೆ ಮಾರಾಯ್ರೆ?

ಈ ಮೂರನೆಯದಕ್ಕೆ ಪದ ಬೇಕು. ನಿಘಂಟಿನ ದಾರಿ ಹಿಡಿದರೆ “ಉದ್ರೇಕಶೀಲತೆ” ಸಿಗುತ್ತದೆ. ತರಗತಿಯಲ್ಲಿ ಅದನ್ನು ಹೇಳಿ ನೋಡಿ, ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗು ಬರುತ್ತದೆ. ಪೇಪರಿನಲ್ಲಿ ಉದ್ರಿಕ್ತವಾಗುವುದು ಗುಂಪು, ಕೋಶ ಅಲ್ಲ. “ಕೆರಳುವಿಕೆ” ಕನ್ನಡವೇನೋ ಹೌದು, ಆದರೆ ಗಾಯವೂ ಕೆರಳುತ್ತದೆ, ಹಾವೂ ಕೆರಳುತ್ತದೆ. “ಮಿಡಿಗುಣ” ಎಂದು ಒಬ್ಬ ಹುಡುಗಿ ಸೂಚಿಸಿದ್ದಾಳೆ. ನನಗೆ ಹಿಡಿಸಿತು, ಆದರೆ ಮಿಡಿಮಾವಿನ ಊರಿನವರು ಏನೆಂದು ಓದಿಕೊಳ್ಳುತ್ತಾರೋ.

ಇದಕ್ಕೆ ಅಂಟಿಕೊಂಡ ಇನ್ನೊಂದು ತೊಡಕು. ಒಳಗಿನ ವಿಭವ −50 ಮಿಲಿವೋಲ್ಟ್ ಇದ್ದದ್ದು −60 ಆಯಿತು. “ಹೆಚ್ಚಿತು” ಅನ್ನಬೇಕೋ “ಇಳಿಯಿತು” ಅನ್ನಬೇಕೋ? ಗಣಿತದವರು ಇಳಿಯಿತು ಅನ್ನುತ್ತಾರೆ. ಪೊರೆಯ ಎರಡು ಬದಿಯ ಅಂತರ ನೋಡುವವರಿಗೆ ಹೆಚ್ಚಿತು. “ಅತಿಧ್ರುವೀಕರಣ” ಎಂದು ಬರೆದು ಕೈತೊಳೆದುಕೊಳ್ಳಬಹುದು, ಓದುವವನಿಗೆ ಏನೂ ಹೊಳೆಯುವುದಿಲ್ಲ. ನಾನು ಸದ್ಯಕ್ಕೆ “ಒಳಭಾಗ ಇನ್ನಷ್ಟು ಋಣವಾಯಿತು” ಎಂದೇ ಇಟ್ಟಿದ್ದೇನೆ. ಉದ್ದವಾಯಿತು, ಆದರೆ ಎರಡರ್ಥಕ್ಕೆ ಎಡೆಯಿಲ್ಲ.

“ಹೊಸ್ತಿಲು” ಪದವನ್ನೂ ತೆಗೆಯಬೇಕಾಯಿತು. ಮಿಡಿತ ಶುರುವಾಗುವ ಮಟ್ಟಕ್ಕೆ ಅದು ಒಳ್ಳೆಯ ಪದವೇ, ಆದರೆ ಅಯಾನಿಗೆ ಬಾಗಿಲು ಎಂದು ಕೊಟ್ಟ ಮೇಲೆ, ಹೊಸ್ತಿಲು ಅದೇ ಬಾಗಿಲಿನದ್ದು ಎಂದು ಇಬ್ಬರು ಮೂವರು ಓದಿಕೊಂಡರು. ಬಾಗಿಲು ಉಳಿಸಿ “ಮಿಡಿಯುವ ಮಟ್ಟ” ಮಾಡಿದೆ.

“ಶೀತರಕ್ತ ಪ್ರಾಣಿ”ಯನ್ನು ಮಾತ್ರ ನಾನೇ ಹೊಡೆದುಹಾಕಿದ್ದೇನೆ, ಚರ್ಚೆ ಬೇಡ. ಮೇ ತಿಂಗಳ ಕರಾವಳಿಯ ಸೆಕೆಯಲ್ಲಿ ಆ ಹುಳುವಿನ ರಕ್ತ ಯಾವ ಲೆಕ್ಕದಲ್ಲೂ ಶೀತ ಅಲ್ಲ. “ಸುತ್ತಲಿನ ತಾಪಕ್ಕೆ ತಕ್ಕಂತೆ ಮೈತಾಪ ಬದಲಾಗುವ ಪ್ರಾಣಿ” ಎಂದು ಬಿಡಿಸಿ ಬರೆಸಿದೆ.

ಉಳಿದದ್ದು ಮೂರನೆಯ ಪದ. ಶಿವಮೊಗ್ಗ, ಧಾರವಾಡದ ಕಡೆಯವರು ಶರೀರಕ್ರಿಯಾಶಾಸ್ತ್ರವನ್ನು ಕನ್ನಡದಲ್ಲಿ ಪಾಠ ಮಾಡಿದ್ದರೆ ಅಲ್ಲಿ ಬಾಯಲ್ಲಿ ಓಡಾಡುವ ಪದ ಯಾವುದು ಎಂದು ತಿಳಿಸಿ. ಪುಸ್ತಕದ್ದು ಬೇಡ. ಮುಂದಿನ ವಾರ ಪತ್ರಿಕೆ ಗೋಡೆಗೆ ಅಂಟಿಸುವುದುಂಟು, ಅಷ್ಟರೊಳಗೆ ಏನೂ ಸಿಗದಿದ್ದರೆ “ಮಿಡಿಗುಣ”ವನ್ನೇ ಹಾಕಿಬಿಡುತ್ತೇನೆ.